ಗಂಜಿ ಹಾಕಿದ ಟವೆಲ್ಲುಗಳು

ಅಮ್ಮಾ,

ನಿನ್ನ ತಿಥಿ ಮುಗಿದು ನಾಲ್ಕು ದಿನವಾಯಿತು. ಇವತ್ತು ನೆಲಮಂಗಲಕ್ಕೆ ಹೋಗಿ ನಮ್ಮ ಕಾರ್ ವಾಷ್‌ಗೆ ಹೊಸ ಮೈಕ್ರೋಫೈಬರ್ ಟವೆಲ್ ಕೊಂಡೆ. ಒದ್ದೆ ಒರೆಸಲು ದಪ್ಪನೆಯವು, ಗಾಜಿಗೆ ತೆಳ್ಳನೆಯವು. ಅಂಚಿನ ಹೊಲಿಗೆ ಕಾರಿನ ಬಣ್ಣವನ್ನು ಗೀರುತ್ತದೆ, ಹಾಗಾಗಿ ಅಂಚಿಲ್ಲದವನ್ನೇ ಆರಿಸಿದೆ. ದೊಡ್ಡಬಳ್ಳಾಪುರದಲ್ಲಿ ನಲವತ್ತು ವರ್ಷ ಸೀರೆ ನೇಯ್ದ ನೀನು ಅದನ್ನು ಬಟ್ಟೆಯೆಂದೇ ಒಪ್ಪುತ್ತಿರಲಿಲ್ಲ.

"ಹಳೇವು ಏನಾದ್ವು ಸಾರ್?" ಎಂದ ಅಂಗಡಿಯವನು.

"ನಮ್ಮಮ್ಮ ಒಗ್ದು ಗಂಜಿ ಹಾಕ್ಬಿಟ್ಟಿದ್ರು. ರಟ್ಟಿನ್ ಥರ ಆಗಿ ನೀರೇ ಹೀರ್ತಿರ್ಲಿಲ್ಲ. ಎಸೆದ್ಬಿಟ್ಟೆ."

"ಅಯ್ಯೋ, ಯಾಕ್ ಎಸೆದ್ರಿ? ಬೆಚ್ಚಗಿನ ನೀರಲ್ಲಿ ನೆನೆಸಿದ್ರೆ ಗಂಜಿ ಎಲ್ಲಾ ಬಿಟ್ಕೊಂಡ್ಬಿಡೋದು."

ಹೌದಾ ಎಂದೆ. ಕವರಿಗೆ ಹಾಕಿಸಿಕೊಂಡು ಬಂದೆ.

ಅವತ್ತು ನೀನು ಒಂದೊಂದು ಟವೆಲ್ಲನ್ನೂ ಸೀರೆಯಂತೆ ಮಡಿಸಿ ತಂದುಕೊಟ್ಟಿದ್ದೆ. "ಇದನ್ನೆಲ್ಲ ಮುಟ್ಟು ಅಂತ ನಿಂಗ್ಯಾರು ಹೇಳಿದ್ದು?" ಎಂದು ನಾನು ಗಿರಾಕಿಗಳ ಎದುರಿಗೇ ಕೂಗಾಡಿದೆ.

"ತಡಿಯಪ್ಪಾ, ಒಂದು ಬಕೆಟ್ ಬಿಸಿನೀರು..." ಎಂದು ನೀನು ಏನೋ ಹೇಳಲು ಹೊರಟೆ.

ನಾನು ಪಂಪ್ ಆನ್ ಮಾಡಿದೆ. ಅದರ ಸದ್ದಿಗೆ ಮಿಕ್ಕಿದ್ದು ಕೇಳಿಸಲಿಲ್ಲ.