ಕಾಣದ ಗೇಟು

ಕ್ಲೀಥಾರ್ಪ್ಸ್
ಏಪ್ರಿಲ್ 24, ಶುಕ್ರವಾರ

ಪ್ರೀತಿಯ ಅಮ್ಮಾ,

ನಿನ್ನ ಮೊಣಕಾಲು ಹೇಗಿದೆ? ಅಕ್ಕನ ಮನೆಯ ಮೆಟ್ಟಿಲು ಕಡಿದಾಗಿದೆ ಅಂತ ನೆನಪಾದಾಗಲೆಲ್ಲ ನೀನು ಬಿದ್ದಂತೆಯೇ ಕಣ್ಣಿಗೆ ಕಟ್ಟುತ್ತದೆ. ಗೋಡೆ ಹಿಡಿದೇ ಇಳಿ. ಈ ಕಾಗದವನ್ನು ಗ್ಲೆನಿಸ್ ಅಕ್ಕನ ಕೈಲಿ ಓದಿಸಬೇಡ, ನನ್ನ ತಪ್ಪು ಅಕ್ಷರ ನೋಡಿ ನಗುತ್ತಾಳೆ.

ನಿನ್ನ ಮೊಮ್ಮಗಳು ಬೆಥನಿಗೆ ಒಂಬತ್ತು ತುಂಬಿತು. ಶಾಲೆಯ ನೀಲಿ ಗೇಟು ಕಂಡರೆ ಈಗಲೂ ಅವಳ ಕಾಲುಗಳು ನೆಲಕ್ಕೆ ಅಂಟಿಕೊಳ್ಳುತ್ತವೆ, ಮುಖ ಸುಣ್ಣದಂತಾಗುತ್ತದೆ. ಹಟವಲ್ಲಮ್ಮಾ, ಹೆದರಿಕೆ, ಏಕೆಂದು ಅವಳಿಗೂ ಗೊತ್ತಿಲ್ಲ. ಆದರೆ ಎರಡು ವಾರದಿಂದ ಒಂದು ವಿಚಿತ್ರ. ಬೆಳಿಗ್ಗೆ ಸಮುದ್ರದಿಂದ ಮಂಜು ಎದ್ದು ಬಂದು ರಸ್ತೆ, ದೀಪದ ಕಂಬ, ಗೇಟು ಎಲ್ಲವನ್ನೂ ಅಳಿಸಿಬಿಡುತ್ತಿದೆ. ಕಾಣದ ಶಾಲೆಗೆ ಅವಳು ನಡೆಯುತ್ತಾಳೆ! ನನ್ನ ಕೈಗವಸಿನೊಳಗೇ ತನ್ನ ಕೈ ತೂರಿಸಿಕೊಳ್ಳುತ್ತಾಳೆ, ಇಬ್ಬರೂ ಹಾಲಿನೊಳಗೆ ಇಳಿದಂತೆ ಹೋಗುತ್ತೇವೆ. ನನಗೂ ಒಂಬತ್ತೇ ವರ್ಷ ಅನಿಸುತ್ತದೆ, ನಿಂತರೆ ಕರಗಿಹೋಗುತ್ತೇವೇನೋ ಅನಿಸುತ್ತದೆ. ಅಷ್ಟರಲ್ಲಿ ಎಲ್ಲಿಂದಲೋ ಬೇಯುವ ಆಲೂಗಡ್ಡೆಯ ವಾಸನೆ, ಅದರ ಹಿಂದೆ ಶಾಲೆಯಲ್ಲಿ ಅಡುಗೆ ಮಾಡುವ ಡಾಟಿಯ ದನಿ: “ಬಾರೇ ನನ್ನ ಇಲಿಮರಿ, ಆಲೂಗಡ್ಡೆಗಳು ಆಗಿಂದ ನಿನ್ನನ್ನೇ ಕೇಳ್ತಿವೆ!” ಬೆಥನಿ ಅಡುಗೆಮನೆಯ ಬಾಗಿಲಿಂದ ಒಳಗೆ ಹೋಗಿಬಿಡುತ್ತಾಳೆ. ಇವತ್ತಿಗೆ ಶಾಲೆಯ ಒಂಬತ್ತು ದಿನ, ಒಂದೂ ತಪ್ಪಿಲ್ಲ. ಮಂಜು ಚದುರಿದ ದಿನ ಏನು ಗತಿ ಅಂತ ನಾನು ಕಿಟಕಿಯಲ್ಲೇ ಕೂತಿರುತ್ತೇನೆ.

ನಿನ್ನ ಕಾಯಿಲೆಯ ದಿನಗಳಲ್ಲಿ ನನ್ನನ್ನು ಮನೆಯಲ್ಲೇ ಉಳಿಸಿಕೊಳ್ಳುತ್ತಿದ್ದೆಯಲ್ಲ, ನೆನಪಿದೆಯಾ? ಶಾಲೆಯ ಕಡೆಯವನು ಬಾಗಿಲು ಬಡಿದರೆ ಸೋಫಾದ ಹಿಂದೆ ನನ್ನನ್ನು ಒತ್ತಿ ಹಿಡಿದು, “ಶ್! ಉಸಿರು ಬಿಡಬೇಡ ಕಣೇ, ಹೋಗ್ತಾನೆ” ಅನ್ನುತ್ತಿದ್ದೆ. ಹೋಗುತ್ತಿದ್ದ. ಈಗಿನವರು ಬಡಿಯುವುದೇ ಇಲ್ಲ, ಕಾಗದ ಕಳಿಸುತ್ತಾರೆ. ದೂರುತ್ತಿಲ್ಲಮ್ಮಾ, ನೆನಪಾಯಿತು ಅಷ್ಟೇ.

ಅಕ್ಕನಿಗೆ ಕೇಳಿದೆನೆಂದು ಹೇಳು. ಮೆಟ್ಟಿಲು ಜೋಪಾನ.

ನಿನ್ನ
ಕೆರಿ

ತಾ.ಕ.: ಕಾಗದ ಬಂದಿದೆ. ಚಳಿಗಾಲದಲ್ಲಿ ಬೆಥನಿ ಶಾಲೆಗೆ ಹೋಗದ ದಿನಗಳಿಗೆ ತಂದೆತಾಯಿಗೆ ಹಾಕುವ ದಂಡ ಕಟ್ಟಿಲ್ಲವೆಂದು ಕೋರ್ಟಿಗೆ ಕರೆದಿದ್ದಾರೆ, ನನ್ನೊಬ್ಬಳನ್ನೇ. ಅವಳಪ್ಪನ ವಿಳಾಸ ಯಾರಿಗೂ ಗೊತ್ತಿಲ್ಲವಲ್ಲ. ಗುರುವಾರ ಬೆಳಿಗ್ಗೆ, ಸರಿಯಾಗಿ ಅವಳನ್ನು ಗೇಟಿಗೆ ಕರೆದೊಯ್ಯುವ ಹೊತ್ತಿಗೆ. ನಾನು ಅಲ್ಲಿಗೆ ಹೋದರೆ ಇಲ್ಲಿ ಇನ್ನೊಂದು ಗೈರುಹಾಜರಿ. ರೇಡಿಯೋದಲ್ಲಿ ಗುರುವಾರ ಬಿಸಿಲು ಅಂದರು. ನಿನ್ನ ಕಾಲು ಗೊತ್ತಿದ್ದೂ ಕೇಳುತ್ತಿದ್ದೇನೆ, ಬುಧವಾರದ ಬಸ್ಸಿಗೆ ಬರುತ್ತೀಯಾ? ದೊಡ್ಡ ಕೈಗವಸು ತಾ. ಗೇಟು ಕಂಡಾಗ ಅವಳು ಉಸಿರು ಬಿಗಿಹಿಡಿಯುತ್ತಾಳೆ. ಬಿಡು ಪುಟ್ಟಾ, ಉಸಿರು ಬಿಡು ಅಂತ ಈ ಸಲ ನೀನೇ ಹೇಳಬೇಕು.