ಹಡಗು ಹತ್ತುವವಳಿಗೆ

ಬೆಳಂಬಾರ,
ಶುಕ್ರವಾರ, ೧೪ ನವೆಂಬರ್ ೨೦೨೫

ನನ್ನ ಹಟಮಾರಿ ಮಗಳು ಮನಿಷಾಳಿಗೆ,

ಹಟಮಾರಿ ಎಂದು ಬರೆದದ್ದು ಬರೀ ಅಭ್ಯಾಸಬಲ. ಮಂಗಳವಾರ ಫೋನಿನಲ್ಲಿ ಕೇಳಿದ ಧ್ವನಿ ನಿನ್ನದು ಹೌದೋ ಅಲ್ಲವೋ ಎಂದು ನನಗೆ ಈಗಲೂ ಅನುಮಾನ. ಮಂಜಗುಣಿಯ ಗಂಡಿನ ಮನೆಯವರು ಹೇಳಿದ ಹಾಗೇ ಆಗಲಿ, ನಾನು ಆ ಸಂಶೋಧನಾ ಹಡಗು ಹತ್ತುವುದನ್ನು ಬಿಡುತ್ತೇನೆ ಎಂದು ನೀನು ಹೇಳಿದೆ; ಆಮೇಲೆ ಅಳುತ್ತ ಫೋನ್ ಇಟ್ಟೆ. ಮತ್ತೆ ನಾನು ಎಷ್ಟು ಸಲ ಮಾಡಿದರೂ ಎತ್ತಲಿಲ್ಲ. ಅದಕ್ಕೇ ಈ ಕಾಗದ. ಇದನ್ನು ಅರ್ಧಕ್ಕೆ ಕಟ್ ಮಾಡಲು ಬರುವುದಿಲ್ಲ. ನಮ್ಮ ಕೇರಿಯ ನೀಲಾ ಭಾನುವಾರ ಕಾರವಾರದ ಸಂತೆಗೆ ಹರಿವೆ ಸೊಪ್ಪು ಮಾರಲು ಬರುತ್ತಾಳಲ್ಲ, ಹಾಸ್ಟೆಲಿಗೆ ಬಂದು ನಿನ್ನ ಕೈಗೇ ಕೊಡುತ್ತಾಳೆ. ಸೋಮವಾರ ನಿಮ್ಮ ವಿಭಾಗದ ಗಾಯತ್ರಿ ಮೇಡಂ ಹತ್ತಿರ ಹೋಗಿ, ಹಡಗಿನ ನನ್ನ ಜಾಗ ಬೇರೆಯವರಿಗೆ ಕೊಡಿ ಎನ್ನುವ ಮೊದಲು ಪೂರ್ತಿ ಓದು.

ಮಂಜಗುಣಿಯ ಸಂಬಂಧ ಮುರಿಯಿತು. ಮುರಿದವಳು ನಾನು.

ಹುಡುಗನ ಮೇಲೆ ನನಗೆ ಕೋಪವಿಲ್ಲ. ಗಣೇಶ ಒಳ್ಳೆಯವನೇ, ಕುಡಿಯುವುದಿಲ್ಲ, ತಾಯಿಗೆ ಎದುರು ಮಾತಾಡುವುದಿಲ್ಲ. ಎದುರು ಮಾತಾಡದೇ ಇರುವುದೇ ಈಗ ತೊಂದರೆಯಾದದ್ದು, ಅದು ಬೇರೆ ಮಾತು. ಆದರೂ ನೌಕಾನೆಲೆಯಲ್ಲಿ ದಿನಾ ಹಡಗಿಗೆ ಬಣ್ಣ ಬಳಿಯುವ ಹುಡುಗನ ಮನೆಯವರು, ಸೊಸೆಯಾಗುವವಳು ಹಡಗು ಹತ್ತಿದರೆ ಮರ್ಯಾದೆ ಹೋಗುತ್ತದೆ ಎಂದರೆ ನಗಬೇಕೋ ಅಳಬೇಕೋ ನೀನೇ ಹೇಳು.

ನಿನ್ನೆ ಅವರು ವೀಳ್ಯಕ್ಕೆಂದೇ ಬಂದರು. ನಿನ್ನ ದೊಡ್ಡಪ್ಪ ಅಶೋಕ ಎಲ್ಲ ಮೊದಲೇ ಮಾತಾಡಿ ಮುಗಿಸಿದ್ದರು. ಹರಿವಾಣದಲ್ಲಿ ಎಲೆ, ಅಡಿಕೆ, ಕಾಯಿ. ನಮ್ಮಲ್ಲಿ ಗಂಡಸರು ವೀಳ್ಯ ಕೈಬದಲು ಮಾಡಿಕೊಂಡರೆ ಮಾತು ಮುಗಿದಂತೆ, ಹೆಂಗಸರು ಬಾಗಿಲ ಹಿಂದೆ ನಿಂತು ನೋಡಬೇಕು. ನಾನೂ ನಿಂತಿದ್ದೆ. ಆಗ ಗಣೇಶನ ಸೋದರಮಾವ ಗಂಟಲು ಸರಿಮಾಡಿಕೊಂಡು ಹೇಳಿದರು: "ಗಂಡಸ್ರ ಸಂಗಡ ಇಪ್ಪತ್ತು ದಿನ ಸಮುದ್ರದ ಮ್ಯಾನೆ ಇದ್ದು ಬಂದ ಹುಡುಗಿ ನಮ್ಗೆ ಬ್ಯಾಡ. ಮೀನು ಕೊಯ್ಯೂ ಓದೂ ಇಲ್ಲಿಗೇ ಸಾಕು." ಹಡಗು ಮಾತ್ರವಲ್ಲ, ಓದೂ ಸಾಕಂತೆ! ಅದನ್ನು ನಿನಗೆ ಯಾರೂ ಹೇಳಿರಲಿಲ್ಲ, ಅಲ್ಲವೇ? ನನಗೂ ಹೇಳಿರಲಿಲ್ಲ. ದೊಡ್ಡಪ್ಪ ಹೂಂ ಎಂದರು. ನಿನ್ನ ಅಪ್ಪ ಹರಿವಾಣದ ಎಲೆ ಎಣಿಸತೊಡಗಿದರು.

ನನಗೆ ಏನಾಯಿತೋ ಗೊತ್ತಿಲ್ಲ. ಹೊರಗೆ ಬಂದೆ, ಹರಿವಾಣ ಎತ್ತಿಕೊಂಡೆ. ಎಲ್ಲರೂ ನಾನು ಅರಿಶಿನ ಕುಂಕುಮ ಇಡಲು ಬಂದೆ ಅಂದುಕೊಂಡಿರಬೇಕು. ನಾನು ಎರಡು ಎಲೆ ತೆಗೆದು, ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಅವರ ಎದುರೇ ಬಾಯಿಗೆ ಹಾಕಿಕೊಂಡೆ. ಹೌದು, ನಿನ್ನ ನಿಶ್ಚಯದ ವೀಳ್ಯ ನಾನೇ ತಿಂದೆ. ಎಂಜಲಾದ ಹರಿವಾಣ ಯಾರಿಗೆ ಕೊಡುತ್ತಾರೆ? ಮಂಜಗುಣಿಯವರು ಚಪ್ಪಲಿ ಹುಡುಕತೊಡಗಿದರು. ಅಜ್ಜಿ ಹೊನ್ನಿ ಮಾತ್ರ ಒಳಗಿನಿಂದ, ಎಲೆ ಎಳೆಯದೋ ಬಲಿತದ್ದೋ ಎಂದು ಕೇಳಿದರು. ಆ ಮುದುಕಿಯ ಮನಸ್ಸಿನಲ್ಲಿ ಏನಿತ್ತೋ!

ನಮ್ಮವರ ಕಥೆ ನಿನಗೆ ಗೊತ್ತು. ಸಮುದ್ರದ ಸದ್ದು ಕೇಳುತ್ತಲೇ ಹುಟ್ಟುತ್ತೇವೆ, ಗದ್ದೆಯ ಹಾಳಿ-ಬದು ದಾಟುವುದಿಲ್ಲ. ಭತ್ತ ಅಳೆದು ಕೊಟ್ಟು ಮೀನು ತಗೊಳ್ಳುತ್ತೇವೆ, ದೋಣಿಗೆ ಕಾಲಿಡುವುದಿಲ್ಲ. ಅದು ನಮ್ಮ ಕೆಲಸವಲ್ಲ ಎನ್ನುತ್ತಾರೆ. ಯಾರು ಹಂಚಿಕೊಟ್ಟದ್ದು? ಸಮುದ್ರ ಯಾರ ಅಪ್ಪನ ಆಸ್ತಿಯೂ ಅಲ್ಲ.

ಅಂಕೋಲೆಯಲ್ಲಿ ನಿನ್ನ ಬಿ.ಎಸ್ಸಿ. ಮುಗಿದಾಗ ದೊಡ್ಡಪ್ಪ ಬಿ.ಎಡ್. ಸೀಟು ನೋಡಿದ್ದರು. ಹೆಣ್ಣಿಗೆ ಟೀಚರ್ ಕೆಲಸವೇ ಸರಿ, ಸಂಜೆ ಮನೆಗೆ ಬರಬಹುದು ಎಂದು. ನೀನು ಕಾರವಾರಕ್ಕೆ ಹೋಗಿ ಮರೈನ್ ಬಯಾಲಜಿ ಸೇರಿ ಬಂದೆ. ಊರಿನವರು ನನ್ನನ್ನು ಹಿಡಿದು ನಿಲ್ಲಿಸಿ, ಮಗಳು ಮೀನು ಕೊಯ್ಯಲು ಕಲಿಯುತ್ತಾಳಂತೆ, ಅದಕ್ಕೆ ಯುನಿವರ್ಸಿಟಿ ಯಾಕೆ ಎಂದು ಕೇಳಿದರು. ಮೊದಮೊದಲು ನಾನೂ ನಾಚಿಕೊಂಡೆ. ನಿನ್ನ ಲ್ಯಾಬಿನ ಕೋಟಿನ ಆ ಔಷಧಿ ವಾಸನೆಗೆ ಹೆದರಿ ಅದನ್ನು ಬಾವಿಕಟ್ಟೆಯಲ್ಲಿ ಒಗೆಯದೆ ಹಿತ್ತಲಿಗೆ ಒಯ್ಯುತ್ತಿದ್ದೆ.

ಆಮೇಲೆ ನಿಮ್ಮ ವಿಭಾಗ ಊರವರಿಗೆಲ್ಲ ತೆರೆದಿಟ್ಟ ದಿನ ಬಂದೆನಲ್ಲ. ಬಾಟಲಿಗಳಲ್ಲಿಟ್ಟ ಮೀನು, ಆಮೆಯ ಚಿಪ್ಪು, ಗೋಡೆಯುದ್ದಕ್ಕೂ ತಿಮಿಂಗಿಲದ ಎಲುಬು. ಶಾಲೆಯ ಮಕ್ಕಳು ಗುಂಪು ಕಟ್ಟಿ ನಿಂತಿದ್ದರು, ನೀನು ಬೆರಳು ತೋರಿಸಿ ಹೇಳುತ್ತಿದ್ದೆ. ಮನೆಯಲ್ಲಿ ಉಪ್ಪು ಕೇಳಲೂ ಸಂಕೋಚಪಡುವ ನನ್ನ ಹುಡುಗಿ! ನಾನು ಹಿಂದೆ ನಿಂತು ಕಣ್ಣೊರೆಸಿಕೊಂಡೆ. ನೀನು ನೋಡಲಿಲ್ಲ. ಗಾಯತ್ರಿ ಮೇಡಂ ನನ್ನನ್ನು ಕೂರಿಸಿ ಚಾ ಕೊಟ್ಟು ಎಲ್ಲ ವಿವರಿಸಿದರು. ಇಲ್ಲಿ ಓದಿದವರು ಗೋವಾ, ಕೊಚ್ಚಿಯ ಸಂಶೋಧನಾ ಕೇಂದ್ರಗಳಿಗೆ ಹೋಗಿದ್ದಾರೆ, ಮೀನುಗಾರಿಕೆ ಇಲಾಖೆ ಸೇರಿದ್ದಾರೆ, ಪಿಎಚ್.ಡಿ. ಮಾಡುತ್ತಿದ್ದಾರೆ, ಸಂಶೋಧನಾ ಹಡಗಿನಲ್ಲಿ ವಿದ್ಯಾರ್ಥಿಗೆ ಜಾಗ ಸಿಗುವುದು ಅಪರೂಪ, ಸಿಕ್ಕಿದವರ ದಾರಿಯೇ ಬೇರೆ ಎಂದರು. ಆ ಅಪರೂಪದ ಜಾಗ ಈ ಸಲ ನಿನಗೆ ಸಿಕ್ಕಿದೆ. ಅದನ್ನು ಬಿಡುತ್ತೇನೆ ಎನ್ನಲು ನಿನಗೆ ಬಾಯಾದರೂ ಹೇಗೆ ಬಂತು, ಮಳ್ಳಿ?

ಮೀನಿನ ಜಾನಕಿ ಇಂದು ಬುಟ್ಟಿ ಇಳಿಸಿ ಎಲ್ಲ ಕೇಳಿದಳು. ಸುದ್ದಿ ಅಷ್ಟರಲ್ಲಿ ಅಲ್ಲಿಗೂ ಹೋಗಿತ್ತು. ಮೀನುಗಾರರ ಕೇರಿಯಲ್ಲೂ ಹೆಂಗಸರು ಮೀನು ಮಾರುತ್ತಾರೆಯೇ ಹೊರತು ಬೋಟು ಹತ್ತಿದವರಿಲ್ಲ ಎಂದಳು. ನಿನ್ನ ಮಗಳು ನಮ್ಮ ಗಂಡಸರೂ ಕಾಣದ ನೀರಿಗೆ ಹೋಗುತ್ತಾಳೆ, ಹೋಗಲಿ ಬಿಡು ಎಂದು ಒಂದು ಬಂಗಡೆ ಹೆಚ್ಚಿಗೆ ಹಾಕಿದಳು.

ಮನೆಯ ಸಮಾಚಾರವೆಂದರೆ ನಿನ್ನ ಅಪ್ಪ ನಿನ್ನೆಯಿಂದ ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ. ಊಟಕ್ಕೆ ಬರುತ್ತಾರೆ, ತಟ್ಟೆ ಮುಂದೆ ಕೂತು ಗೋಡೆಯ ಹತ್ತಿರ ಸಾರು ಕೇಳುತ್ತಾರೆ. ದೊಡ್ಡಪ್ಪ ಇನ್ನು ಈ ಮನೆಯ ಜಗುಲಿ ಹತ್ತುವುದಿಲ್ಲ ಎಂದು ಹೋದವರು, ಇಂದು ಬೆಳಿಗ್ಗೆ ಅಂಗಳದಲ್ಲೇ ನಿಂತು ಬೈಹುಲ್ಲು ಕೇಳಿದರು. ಕೊಟ್ಟೆ. ಅವರೆಲ್ಲರ ಸಿಟ್ಟು ನನಗಿರಲಿ, ಹೊರಲು ನನ್ನ ಬೆನ್ನು ಗಟ್ಟಿಯಿದೆ. ನೀನು ಅದಕ್ಕಾಗಿ ಒಂದು ಹನಿ ಕಣ್ಣೀರು ಹಾಕಿದರೂ ನಾನು ಸಹಿಸುವುದಿಲ್ಲ.

ಗಣೇಶ ನಾಳೆ ತಾನಾಗಿ ಬಂದು, ಓದು, ಹಡಗು ಎಲ್ಲ ಇರಲಿ ಎಂದರೆ ಆ ಮಾತು ನಿನ್ನ ಹತ್ತಿರ ಆಡಲಿ. ಹೂಂ ಎನ್ನುವುದು, ಉಹೂಂ ಎನ್ನುವುದು ನಿನ್ನ ಇಷ್ಟ. ಹಡಗಿನಿಂದ ಇಳಿಯುವ ಮೊದಲು ಮಾತ್ರ ಬೆಳಂಬಾರಕ್ಕೆ ಬರಬೇಡ. ಬಂದರೆ ಬಾಗಿಲು ತೆಗೆಯುವುದಿಲ್ಲ, ಇದು ಬೆದರಿಕೆ ಎಂದೇ ತಿಳಿ. ವಾಂತಿಗೆ ಮಾತ್ರೆ ತಗೊ. ತಲೆಗೆ ಎಣ್ಣೆ ಹಾಕು.

ಇನ್ನೂ ಸಿಟ್ಟಿಳಿಯದ, ನಿನ್ನ ಮೇಲಿನ ಪ್ರೀತಿಯಂತೂ ಇಳಿಯಲು ಗೊತ್ತೇ ಇಲ್ಲದ
ನಿನ್ನ ಅವ್ವಿ,
ಮಾದೇವಿ

ತಾ.ಕ.: ಒಂದು ಮಾತು ಬರೆಯದೆ ಮುಗಿಸೋಣ ಎಂದಿದ್ದೆ, ಆಗಲಿಲ್ಲ. ನಾನು ವೀಳ್ಯ ಜಗಿಯುತ್ತ ನಿಂತಾಗ ಗಣೇಶನ ಮಾವ, ಇದು ತಾಯಿಯ ತೀರ್ಮಾನವೋ ಹುಡುಗಿಯದೋ ಎಂದು ಕೇಳಿದರು. ನನ್ನದು ಎಂದಿದ್ದರೆ ದೊಡ್ಡಪ್ಪ ನನ್ನನ್ನು ಒಳಗೆ ಕಳಿಸಿ ಹೊಸ ಹರಿವಾಣ ತರಿಸುತ್ತಿದ್ದರು. ಅದಕ್ಕೆ ಎಲ್ಲರ ಮುಖ ನೋಡಿ ಹೇಳಿದೆ: "ನಂದಲ್ಲ. ನಮ್ಮ ಹುಡುಗಿನೇ ಹೇಳಿದ್ದು, ಹಡಗು ಬಿಡೂದಿಲ್ಲ ಅಂತ." ನೀನು ಹೇಳಿದ್ದು ಏನೆಂದು ನನಗೂ ನಿನಗೂ ಮಾತ್ರ ಗೊತ್ತು. ಅಷ್ಟು ಜನರೆದುರು ಸುಳ್ಳು ಹೇಳಿದ್ದೇನೆ, ಮಗಾ. ಸೋಮವಾರ ಹೋಗಿ ಅದನ್ನು ನಿಜ ಮಾಡು.