ಬರಿಗೊಂಬೆಯ ಹೂವು

ಕುಷ್ಟಗಿ
೬ನೇ ಏಪ್ರಿಲ್ ೧೯೪೪, ಗುರುವಾರ

ಪ್ರೀತಿಯ ಯಮನೂರಿ ಅಕ್ಕಾ,

ನಿನ್ನ ಕೆಮ್ಮು ಹೇಗಿದೆ? ಕಳೆದ ಸಲ ನಾನು ಗದಗಿಗೆ ಬಂದಾಗ ನೀನು ಹುಬ್ಬಿನ ಮೇಲಿನ ಹತ್ತಿಯ ಎಳೆ ಒರೆಸಿಕೊಳ್ಳುತ್ತ ಹತ್ತಿ ಜಿನ್ನಿನ ಗಿರಣಿಯ ಬಾಗಿಲಿಗೆ ಬಂದೆ. ಬಿಸಿಲಿಗೆ ಕಣ್ಣು ಕಿರಿದು ಮಾಡಿ, ನನ್ನ ಗುರುತು ಹಿಡಿಯಲು ಸ್ವಲ್ಪ ಹೊತ್ತು ತೆಗೆದುಕೊಂಡೆ. ಆಮೇಲೆ ನಕ್ಕೆ. ವರ್ಷವಿಡೀ ಬಿಸಿಲಲ್ಲಿ ದಾಳಿಂಬೆ ಗಿಡಗಳ ನಡುವೆ ತಿರುಗುತ್ತಿದ್ದವಳು ಹೀಗಾದಳಲ್ಲ ಎಂದು ಊರು ಮುಟ್ಟುವತನಕ ಹಲ್ಲು ಕಚ್ಚಿಕೊಂಡೇ ಬಂದೆ. ನಮ್ಮ ದವಾಖಾನೆಯ ಕಂಪೌಂಡರ್ ಬಾಬಾಸಾಬ ಔಷಧಿ ತರಲು ಗದಗಿಗೆ ಹೊರಟಿದ್ದಾನೆ, ಈ ಕಾಗದ ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಜೊತೆಗೆ ಒಂದು ಬಾಟ್ಲಿ ಕೆಮ್ಮಿನ ಔಷಧಿ ಇದೆ, ಅವ್ವ ಕಟ್ಟಿಕೊಟ್ಟ ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ ಇವೆ. ಅವ್ವನ ಮೊಣಕಾಲು ನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ನಿನಗೆ ಅಕ್ಷರ ಕಲಿಸಿದವನು ನಾನೇ, ನಿನ್ನ ಓದಿನ ವೇಗ ಗೊತ್ತು. ಅವಸರ ಮಾಡದೆ ಕೂತು ಓದು. ಏಕೆಂದರೆ ಮುಂದಿನ ಸುದ್ದಿ ಇದು: ನಿನ್ನ ಗಿಡಗಳು ಒಣಗಿವೆ. ಒಣಗಿಸಿದವನು ನಿನ್ನ ಭಾವ ಗಿಡ್ಡಪ್ಪ. ಒಣಗಲಿ ಎಂದು ಬಿಟ್ಟವನು ನಾನು.

ನಿನ್ನ ಗಂಡ ಮುದುಕಪ್ಪ ಮಾವ ತೀರಿಕೊಂಡ ಮೇಲೆ, ತೋಟ ಯಾರಿಗೆಂದು ತೀರ್ಮಾನಿಸಲು ಊರ ಹಿರಿಯರು, ದೈವದವರು, ಚಾವಡಿಯಲ್ಲಿ ಕೂಡಿದ ದಿನ ನಿನಗೆ ಮರೆತಿರಲಿಕ್ಕಿಲ್ಲ. ತೋಟದ ಒಂದೊಂದು ಗಿಡಕ್ಕೂ ಕೊಡದಲ್ಲಿ ನೀರು ಹೊತ್ತವಳು ನೀನು. ಆ ಹಣ್ಣಿನ ಬುಟ್ಟಿಗಳೇ ನನ್ನನ್ನು ಹೈದರಾಬಾದಿಗೆ ಕಳಿಸಿ ಓದಿಸಿದವು. ಗಿಡ್ಡಪ್ಪ ಅಂದು ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಅಂದ, "ಬಂಜಿ ನೆಳ್ಳು ಬಿದ್ದ ಗಿಡದಾಗ ಹೂವ ನಿಂದರಂಗಿಲ್ಲ. ಇಕೀ ತ್ವಾಟದಾಗ ಇದ್ರ ನಮಗ ಬರೇ ಎಲಿನ ಗತಿ." ನೀನು ಸೆರಗು ಬಾಯಿಗೆ ಒತ್ತಿಕೊಂಡೆ. ಅವನು ನನ್ನ ಕಡೆ ತಿರುಗಿ, "ಏ ಮಾಸ್ತರ, ಇದನ್ನ ಒಂದು ಪದಾ ಕಟ್ಟೋ," ಎಂದು ನಕ್ಕ, ಕೂಡಿದ ಜನವೂ ನಕ್ಕಿತು. ನಾಲ್ಕು ಜನ ಸೇರಿದಲ್ಲಿ ನನ್ನ ಬಾಯಿ ಏಳುವುದಿಲ್ಲ, ನಿನಗೆ ಗೊತ್ತು. ಆದರೆ ಆ ಮಾತು, ಆ ನಗು, ಅವನ ರುಮಾಲಿನ ಜರಿ ಅಂಚು, ಎಲ್ಲವನ್ನೂ ಇಟ್ಟುಕೊಂಡೆ. ತೋಟ ಅವನ ಪಾಲಾಯಿತು, ನೀನು ಮರುವಾರ ಗದಗಿನ ಗಾಡಿ ಹತ್ತಿದೆ.

ಸಾಹಿತ್ಯ ಓದಿ ಬಂದವನಿಗೆ ಈ ಸಾಲೆಯಲ್ಲಿ ವಿಜ್ಞಾನದ ಪಾಠವನ್ನೂ ಗಂಟು ಹಾಕಿದ್ದಾರೆ. ಪುಸ್ತಕ ಉರ್ದುವಿನಲ್ಲಿದೆ, ಹುಡುಗರು ಕನ್ನಡದವರು, ನಡುವೆ ನಾನು. ಎರಡು ವರ್ಷದ ಹಿಂದೆ, ನೀನು ಹೋದ ಬೆನ್ನಿಗೇ, ಗಿಡ ಬಿಸಿಲಿನಿಂದ ಅನ್ನ ಮಾಡಿಕೊಳ್ಳುವ ಪಾಠ ಬಂತು. ನನಗೂ ಅದು ಹೊಸದೇ. ಸಾಲೆಯ ದಾಸವಾಳದ ಕುಂಡವನ್ನು ಕತ್ತಲ ಕೋಣೆಯಲ್ಲಿಟ್ಟು ತೆಗೆದು, ಒಂದು ಎಲೆಯ ನಡುವಿಗೆ ಕಪ್ಪು ಕಾಗದದ ಪಟ್ಟಿ ಸುತ್ತಿ ಬಿಸಿಲಿಗಿಟ್ಟೆ. ಸಂಜೆ ಆ ಎಲೆಯನ್ನು ಕುದಿಸಿ, ಸ್ಪಿರಿಟ್ಟಿನಲ್ಲಿ ಬಣ್ಣ ತೆಗೆದು, ಬಾಬಾಸಾಬನಿಂದ ಬೇಡಿ ತಂದ ಅಯೋಡಿನ್ನು ಹನಿಸಿದೆ. ಬಿಸಿಲು ಬಿದ್ದಷ್ಟು ಕಡೆ ಶಾಯಿಯಂತೆ ಕಪ್ಪು ನೀಲಿಯಾಯಿತು. ಕಾಗದ ಮುಚ್ಚಿದ್ದ ಪಟ್ಟಿ ಪೇಲವವಾಗಿಯೇ ಉಳಿಯಿತು. ನೀಲಿಯಾದಲ್ಲಿ ಹಿಟ್ಟು ಇತ್ತು, ಉಳಿದಲ್ಲಿ ಇರಲಿಲ್ಲ. ಬೇರು ನೀರು ತರುತ್ತದೆ, ಎಲೆಯ ಸಣ್ಣ ಸಣ್ಣ ಬಾಯಿಗಳಿಂದ ಗಾಳಿ ಒಳಗೆ ಬರುತ್ತದೆ, ಎಲೆಯ ಹಸಿರು ಬಿಸಿಲನ್ನು ಹಿಡಿದು ಅವೆರಡನ್ನೂ ಸಕ್ಕರೆಯಾಗಿ ಕಟ್ಟುತ್ತದೆ. ಹಿಡಿದ ಬಿಸಿಲು ಆ ಕಟ್ಟಿನೊಳಗೇ ಉಳಿಯುತ್ತದೆ. ಗಿಡ ಉಂಡು ಮಿಕ್ಕಿದ್ದು ಹಿಟ್ಟಾಗಿ ಕಾಂಡಕ್ಕೆ, ಬೇರಿಗೆ ಇಳಿಯುತ್ತದೆ, ನಾವು ನೆಲದಡಿಯ ಹಗೇವಿನಲ್ಲಿ ಜೋಳ ತುಂಬಿಡುವ ಹಾಗೆ.

ಆಗ ನನಗೆ ನೀನು ಗಿಡಗಳಿಗೆ ಉಪವಾಸ ಹಾಕುತ್ತಿದ್ದುದು ನೆನಪಾಯಿತು. ನೀರು ನಿಲ್ಲಿಸಿ, ಬುಡದ ಮಣ್ಣು ಬಿಡಿಸಿ, ಎಲೆ ಉದುರಲು ಬಿಡುತ್ತಿದ್ದೆ. ಆಮೇಲೆ ಗೊಬ್ಬರ, ನೀರು ಕೊಟ್ಟರೆ ಎಲೆಯಿಲ್ಲದ ಬರಿಗೊಂಬೆಯ ಮೇಲೆ ಹೂವು ಮುಗಿಬೀಳುತ್ತಿತ್ತು. ಹಗೇವಿನಲ್ಲಿ ಕೂಡಿಟ್ಟ ಹಳೆಯ ಬಿಸಿಲಿನ ಹೂವು ಅದು. ಅದಕ್ಕೇ ನೀನು ವರ್ಷಕ್ಕೆ ಒಂದೇ ಉಪವಾಸ ಹಾಕಿ, ಮಿಕ್ಕ ದಿನ ಒಂದು ಎಲೆ ಮುಟ್ಟಲೂ ಯಾರನ್ನೂ ಬಿಡುತ್ತಿರಲಿಲ್ಲ.

ಪಾಠದ ಸುದ್ದಿ ಹುಡುಗರ ಬಾಯಿಂದ ಊರೆಲ್ಲ ಹರಡಿತು. ಮುಂದಿನ ಸಂತೆಯ ದಿನ ಗಿಡ್ಡಪ್ಪ ಸಾಲೆಯ ಕಟ್ಟೆಗೆ ಬಂದು ಕೂತ. "ಎಲಿ ಅಡಗಿ ಮಾಡತೈತಂತಲ್ಲೋ, ಒಲಿ ಎಲ್ಲಿ ಹೂಡೇತಿ?" ಎಂದು ಮೊದಲು ನಗಾಡಿದ. ಆಮೇಲೆ ದನಿ ಇಳಿಸಿ, ಎಲೆ ಬಿಟ್ಟರೆ ಕಾಯಿ ಹೆಚ್ಚೋ, ಉದುರಿಸಿದರೆ ಹೆಚ್ಚೋ ಎಂದು ಕೇಳಿದ. ವರ್ಷಕ್ಕೆ ಎರಡು ಮೂರು ಉಪವಾಸ ಹಾಕುವ ಆಸೆ ಅವನ ಮುಖದಲ್ಲೇ ಇತ್ತು. ನಾನು ನೆಲ ನೋಡುತ್ತ ಹೇಳಿದೆ, "ಉಪಾಸ ಹಾಕಿ ಎಲಿ ಉದುರಿಸಿದ್ರ ಹೂವು ಭಾಳ ಬರತಾವ್ರಿ ಮಾವಾರ." ಸುಳ್ಳಲ್ಲ ಅಕ್ಕಾ, ಒಂದಕ್ಷರವೂ ಸುಳ್ಳಲ್ಲ. ಪದೇ ಪದೇ ಉದುರಿಸಿದರೆ ಹಗೇವು ಬರಿದಾಗುತ್ತದೆ ಎಂಬ ಮಿಕ್ಕ ಅರ್ಧ ಮಾತು ನಾಲಿಗೆಯ ತುದಿಯಲ್ಲಿತ್ತು, ನುಂಗಿಕೊಂಡೆ. ನಾಚಿಕೆಯವನು ಮಾತು ನುಂಗಿದರೆ ಯಾರಿಗೂ ಅನುಮಾನ ಬರುವುದಿಲ್ಲ.

ಆ ಮಳೆಗಾಲದ ಫಸಲು ಜೋರಾಗಿಯೇ ಬಂತು. ಹೊಸ ಎಲೆ ಬಲಿಯುವ ಮೊದಲೇ ಚಳಿಗಾಲಕ್ಕೆ ಮತ್ತೆ ಉಪವಾಸ ಹಾಕಿದ, ಉದುರದ ಎಲೆಗಳನ್ನು ಆಳು ಹಚ್ಚಿ ಕೀಳಿಸಿದ. ಹೂವು ಬಂದಾಗ ನನ್ನನ್ನು ಕರೆಸಿ ತೋರಿಸಿದ. ಒಂದು ಎಲೆಯಿಲ್ಲದೆ ತೋಟವೆಲ್ಲ ಕೆಂಪಗೆ ಉರಿಯುತ್ತಿತ್ತು. "ನೋಡಲೇ, ನಿಮ್ಮಕ್ಕ ಇದ್ದಾಗ ಹಿಂಗ ಬಿಟ್ಟಿದ್ವೇನು?" ಅಂದ. ಇಲ್ಲ ಎಂದೆ. ಅವನಿಗೆ ಹೂವು ಕಾಣುತ್ತಿತ್ತು, ನನಗೆ ಹಗೇವಿನ ತಳ ಕಾಣುತ್ತಿತ್ತು. ಆ ಸಲದ ಕಾಯಿ ನಿಂಬೆಗಾತ್ರಕ್ಕೇ ಸೀಳಿದವು. ಇನ್ನೊಂದು ಉಪವಾಸ ಹಾಕಿದರೆ ಸರಿಹೋಗುತ್ತದೆ ಎಂದುಕೊಂಡ. ಹಾಕಿದ. ಈ ಶಿವರಾತ್ರಿಯ ಹೊತ್ತಿಗೆ ತೋಟ ಬೂದಿ ಬಣ್ಣಕ್ಕೆ ತಿರುಗಿತ್ತು. ನಾನು ದಿನಾಲೂ ಸಂಜೆ ಬೇಲಿಯ ಹೊರಗೆ ನಿಂತು ನೋಡುತ್ತಿದ್ದೆ. ನಿನ್ನ ಕೈಯ ಗಿಡಗಳು, ಸಂಕಟವಾಗಲಿಲ್ಲವೇನೋ ಎಂದು ಕೇಳುತ್ತೀ. ಆಯಿತು. ಆದರೆ ಇನ್ನು ಅವನ ಹಲ್ಲಿಗೆ ನಿನ್ನ ಹಣ್ಣು ಸಿಗುವುದಿಲ್ಲವಲ್ಲ ಎಂಬುದರ ಮುಂದೆ ಆ ಸಂಕಟ ನಿಲ್ಲಲಿಲ್ಲ. ಆ ರಾತ್ರಿಗಳಲ್ಲಿ ಸುಖವಾಗಿ ನಿದ್ದೆ ಮಾಡಿದ್ದೇನೆ.

ಯುಗಾದಿಯ ಮರುದಿನ ದೈವದವರು ಬೇರೆ ಯಾವುದೋ ಕೆಲಸಕ್ಕೆ ಚಾವಡಿಯಲ್ಲಿ ಕೂಡಿದ್ದರು. ನಿನ್ನ ಹಳೆಯ ನೆರೆಯವಳು ಮಾರೆವ್ವ ಕೊಡ ಹೊತ್ತು ಹಾಯ್ದು ಹೋಗುವಾಗ ನಿಂತಳು. "ಗಿಡ್ಡಪ್ಪಣ್ಣಾ, ಯಮನೂರಿ ಹೋಗಿ ಎರಡು ವರ್ಷಾತು. ಈಗ ಯಾರ ನೆಳ್ಳು ಬಿತ್ತೋ ನಿನ್ನ ತ್ವಾಟಕ್ಕ?" ಎಂದು ಕೇಳಿದಳು. ಅಂದು ಅವನ ಮಾತಿಗೆ ನಕ್ಕಿದ್ದ ಜನವೇ ಇಂದು ಅವನನ್ನು ನೋಡಿ ನಕ್ಕಿತು. ಅವನ ಕಿವಿ ಕೆಂಪಾದವು. "ಬೇಕಂದ್ರ ಅಕೀನ ಬಂದು ಒಯ್ಯಲಿ. ಒಣಾ ಕಟಗಿನೂ ಅಕೀದ, ಹೊಲಾನೂ ಅಕೀದ. ನನಗ್ಯಾಕ ಆ ಸುಡುಗಾಡು?" ಎಂದು ಕೂಗಿದ. ಆ ಗರಸು ನೆಲದಲ್ಲಿ ಜೋಳ ಬರುವುದಿಲ್ಲ, ದಾಳಿಂಬೆ ಹೋದರೆ ಅದು ಕಲ್ಲುಹಾಸು ಎಂದು ಅವನ ಲೆಕ್ಕ. ಆದರೆ ಮುದಿ ಗೌಡರು ಮಾತನ್ನು ಬಿಡಲಿಲ್ಲ. ಎಲೆ ಅಡಿಕೆ ತರಿಸಿ ಮುಂದಿಟ್ಟು, "ಆಡಿದ್ದಕ್ಕ ವೀಳ್ಯಾ ಮುಟ್ಟು," ಅಂದರು. ಎಲ್ಲರ ಕಣ್ಣೂ ಅವನ ಮೇಲಿದ್ದವು. ಮುಟ್ಟಿದ. ಬರುವ ಅಮಾವಾಸ್ಯೆಯೊಳಗೆ ನೀನು ಬಂದು, ತೋಟದಲ್ಲಿ ನಿಂತು, ದೈವದ ಮುಂದೆ ಆ ವೀಳ್ಯ ತೆಗೆದುಕೊಳ್ಳಬೇಕು. ತೆಗೆದುಕೊಳ್ಳುವತನಕ ಅವನು ಮಾತು ತಿರುಗಿಸಬಹುದು, ತೆಗೆದುಕೊಂಡ ಮೇಲೆ ಅವನಪ್ಪನೂ ತಿರುಗಿಸಲಾರ. ಒಣ ಕಟ್ಟಿಗೆಗಾಗಿ ಗದಗಿನಿಂದ ಯಾರು ಬರುತ್ತಾರೆ ಎಂದು ಅವನು ಎಲ್ಲರೆದುರು ಹೇಳಿಕೊಂಡು ತಿರುಗುತ್ತಿದ್ದಾನೆ.

ಅವ್ವ ನಿನಗೆ ಹರಕೆ ಹೇಳಿದ್ದಾಳೆ, ರಾತ್ರಿ ಬಿಸಿನೀರು ಕುಡಿ ಎಂದಿದ್ದಾಳೆ. ಮಾರೆವ್ವ ನಿನ್ನನ್ನು ಕೇಳಿದಳು ಎಂದು ಬರೆ ಅಂದಳು, ಬರೆದಿದ್ದೇನೆ. ನಿನ್ನ ಪಾದಕ್ಕೆ ನನ್ನ ತಲೆ.

ನಿನ್ನ ತಮ್ಮ,
ಓಬಳೆಪ್ಪ

ತಾ.ಕ.: ಬಾಬಾಸಾಬನ ಬಂಡಿ ಬಾಗಿಲಲ್ಲಿ ನಿಂತಿದೆ, ಬೇಗ ಬರೆಯುತ್ತೇನೆ. ಹೋದ ವಾರ ಒಂದು ಅಕಾಲದ ಅಡ್ಡಮಳೆ ಬಿತ್ತು. ಮರುದಿನ ಹೋಗಿ ಉಗುರಿನಿಂದ ತೊಗಟೆ ಕೆರೆದೆ, ಒಳಗೆ ಹಸಿರು ಇದೆ. ಸತ್ತವು ಎಂದೇ ನಾನೂ ತಿಳಿದಿದ್ದೆ. ಬಾವಿಯ ಮಗ್ಗುಲಿನ ಗಿಡಗಳ ಬುಡದಲ್ಲಿ ಹೆಬ್ಬೆರಳಷ್ಟು ಕೆಂಪು ಚಿಗುರು ಎದ್ದಿವೆ. ಗಿಡ್ಡಪ್ಪ ನೋಡಬಾರದೆಂದು ಬುಟ್ಟಿ ಬೋರಲು ಹಾಕಿ ಮುಚ್ಚಿದೆ. ನಿನ್ನೆ ಎತ್ತಿದರೆ ಬಿಳಿಚಿಕೊಂಡು ಬಾಗಿದ್ದವು, ಪಾಠ ಹೇಳಿದವನಿಗೇ ಮರೆತಿತ್ತು. ಬುಟ್ಟಿ ತೆಗೆದುಬಿಟ್ಟೆ. ಮುಚ್ಚಿದರೆ ಸಾಯುತ್ತವೆ, ಬಿಸಿಲಿಗೆ ಬಿಟ್ಟರೆ ಅವನ ಕಣ್ಣಿಗೆ ಬೀಳುತ್ತವೆ. ಬಿದ್ದ ದಿನ ಅವನು ಮಾತು ತಿರುಗಿಸುತ್ತಾನೆ. ಅಮಾವಾಸ್ಯೆಯ ದಾರಿ ಕಾಯಬೇಡ, ಬಾಬಾಸಾಬ ಮರಳುವಾಗ ಅವನ ಜೊತೆಗೇ ಹೊರಡು. ದೈವದವರನ್ನು ಹೊತ್ತು ಮೂಡುವಾಗಲೇ ತೋಟಕ್ಕೆ ಕರೆಸುತ್ತೇನೆ, ಈ ಸಲ ನಾನೇ ಬಾಯಿಬಿಟ್ಟು ಕರೆಯುತ್ತೇನೆ. ಆ ಹೊತ್ತಿಗೆ ನೆರಳು ಉದ್ದ ಇರುತ್ತದೆ. ಗಿಡ್ಡಪ್ಪ ನಿಂತು ನೋಡಲಿ, ನೀನು ಸಾಲು ಸಾಲಾಗಿ ನಡೆ, ನಿನ್ನ ನೆರಳು ಬೀಳದ ಗಿಡ ಒಂದೂ ಉಳಿಯಬಾರದು.